ಹೇಗೂ ಖಾಲಿ ಇದ್ದೀಯಲ್ಲ, ಬಾ!

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರ ಕಿವಿಗೆ ಡಿಸೆಂಬರ್‌ನಲ್ಲಿ ಮತ್ತೆ ಮತ್ತೆ ಬೀಳುವ ಮಾತೊಂದಿದೆ: ‘ಹೇಗೂ ಖಾಲಿ ಇದ್ದೀಯಲ್ಲ, ಚರ್ಚ್‌ಗೆ ಬಂದುಬಿಡು.’ ಗಣೇಶನ ಹಬ್ಬಕ್ಕೆ ಪೆಂಡಾಲ್ ಹಾಕುವ ಹುಡುಗರಿಗೆ, ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವವರಿಗೆ, ರಂಜಾನ್‌ನಲ್ಲಿ ಇಫ್ತಾರ್ ಬಡಿಸುವವರಿಗೂ ಈ ಮಾತು ಹೊಸದಲ್ಲ. ನಾನು ಉತ್ತರ ಬೆಂಗಳೂರಿನವಳು, ಬಿ.ಕಾಂ. ಮುಗಿಸಿದ್ದೇನೆ. ಕಳೆದ ಎರಡು ಡಿಸೆಂಬರ್‌ಗಳಲ್ಲಿ ಚರ್ಚ್‌ನ ಸ್ವಯಂಸೇವಕಿಯಾಗಿ ಓಡಾಡಿದ್ದೇನೆ. ಎರಡನೇ ಸಲ ಅದರ ಜೊತೆಗೇ ಮಾಲ್‌ನ ಬಟ್ಟೆ ಅಂಗಡಿಯೊಂದರಲ್ಲಿ ಸೀಸನ್ ಕೆಲಸವನ್ನೂ ಮಾಡಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಸೇವೆಗೆ ಸಂಬಳ ಬೇಡ, ಆದರೆ ಮಿತಿ ಬೇಕು. ‘ಇವತ್ತು ಆಗಲ್ಲ’ ಎನ್ನುವ ಅವಕಾಶ ಇದ್ದಾಗ ಮಾತ್ರ ಅದನ್ನು ಸೇವೆ ಎನ್ನಬಹುದು.

ಹೊರಗಿನಿಂದ ನೋಡುವವರಿಗೆ ಕ್ರಿಸ್‌ಮಸ್ ಎಂದರೆ 24ರ ರಾತ್ರಿಯ ದೀಪ, 25ರ ಕೇಕ್. ಒಳಗಿರುವವರಿಗೆ ಅದು ನಾಲ್ಕು ಭಾನುವಾರ ಮೊದಲೇ, ಆಗಮನ ಕಾಲದ ಮೊದಲ ಮೇಣದಬತ್ತಿ ಹಚ್ಚಿದಾಗಲೇ ಶುರುವಾಗುತ್ತದೆ. ಆಮೇಲೆ ಸಂಜೆ ಸಂಜೆ ಕ್ಯಾರಲ್ಸ್. ಆರ್.ಟಿ. ನಗರ, ಗಂಗಾನಗರ, ಸುಲ್ತಾನ್‌ಪಾಳ್ಯದ ಗಲ್ಲಿಗಳಲ್ಲಿ ಗಿಟಾರ್, ಡ್ರಮ್ ಹೊತ್ತು ಮನೆಯಿಂದ ಮನೆಗೆ ನಡೆಯಬೇಕು. ಇನ್ನೊಂದು ಕಡೆ ಗೋದಲಿಯ ಕೆಲಸ. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು 1223ರಲ್ಲಿ ಹುಲ್ಲು, ಎತ್ತು, ಕತ್ತೆ ಇಟ್ಟು ಕ್ರಿಸ್ತನ ಹುಟ್ಟನ್ನು ಜನರ ಕಣ್ಣೆದುರು ತಂದರು. ನಮ್ಮ ಹುಡುಗರು ಬಿದಿರು, ಗೋಣಿತಾಟು, ಬಣ್ಣದ ಕಾಗದದಲ್ಲಿ ಅದೇ ಬೆತ್ಲೆಹೇಮನ್ನು ಕಟ್ಟುತ್ತಾರೆ. ಹಬ್ಬದ ಹೊತ್ತಿಗೆ ಹಸಿರಾಗಿ ನಿಲ್ಲಲಿ ಎಂದು ಹತ್ತು ಹನ್ನೆರಡು ದಿನ ಮೊದಲೇ ತಟ್ಟೆಗಳಲ್ಲಿ ರಾಗಿ ಚೆಲ್ಲಿ ನೀರು ಹಾಕುತ್ತಾರೆ.

ಇದಕ್ಕಿಂತ ಕಷ್ಟದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಎರಡು ಪೂಜೆಗಳ ನಡುವಿನ ಹದಿನೈದು ನಿಮಿಷ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲ್ಯಾಟಿನ್‌ನಿಂದ ಜನರ ಭಾಷೆಗೆ ಬಂತು. ಬೆಂಗಳೂರಿನಲ್ಲಿ ‘ಜನರ ಭಾಷೆ’ ಎಂದರೆ ಒಂದಲ್ಲ. ಕನ್ನಡ, ತಮಿಳು, ಇಂಗ್ಲಿಷ್, ಜೊತೆಗೆ ಕೆಲವೆಡೆ ಕೊಂಕಣಿ, ಮಲಯಾಳಂ. ಒಂದು ಭಾಷೆಯವರು ಹೊರಗೆ ಬರುವಾಗಲೇ ಇನ್ನೊಂದು ಭಾಷೆಯವರು ಒಳಗೆ ನುಗ್ಗುತ್ತಾರೆ. ಆ ಹೊತ್ತಿನಲ್ಲಿ ಕುರ್ಚಿ ಸರಿಪಡಿಸಬೇಕು, ಗಾಯನ ಮಂಡಳಿಯ ಮೈಕ್ ಬದಲಿಸಬೇಕು, ವೀಲ್‌ಚೇರ್‌ನ ಅಜ್ಜಿಗೆ ದಾರಿ ಬಿಡಿಸಬೇಕು, ತಪ್ಪಿಸಿಕೊಂಡ ಮಗುವನ್ನು ಅಮ್ಮನ ಕೈಗೆ ಸೇರಿಸಬೇಕು. ಗೋದಲಿ ನೋಡಲು ಬಂದ ಬೇರೆ ಧರ್ಮದ ಕುಟುಂಬದವರು ‘ನಾವೂ ಒಳಗೆ ಬರಬಹುದಾ?’ ಎಂದು ಬಾಗಿಲಲ್ಲೇ ನಿಲ್ಲುತ್ತಾರೆ. ಅವರನ್ನು ಪ್ರೀತಿಯಿಂದ ಕರೆದು ಕೂರಿಸಬೇಕು. ಪರಮಪ್ರಸಾದದ ಸಾಲಿಗೆ ಬಂದರೆ, ಅದು ದೀಕ್ಷಾಸ್ನಾನ ಪಡೆದು ಸಿದ್ಧರಾದವರಿಗೆ ಮಾತ್ರ ಎಂಬುದನ್ನು ಮನಸ್ಸು ನೋಯದಂತೆ ಹೇಳಬೇಕು. ಇದನ್ನು ಯಾವ ಕಾಲೇಜಿನಲ್ಲೂ ಕಲಿಸಲಿಲ್ಲ. ನಾನು ಕಲಿತದ್ದು ಚರ್ಚ್ ಬಾಗಿಲಲ್ಲೇ.

ಇನ್ನು ಮಾಲ್ ಕೆಲಸ. ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರಬೇಕು. ಮಡಿಸಿಟ್ಟ ಬಟ್ಟೆ ಅರ್ಧ ಗಂಟೆಯಲ್ಲಿ ಮತ್ತೆ ರಾಶಿಯಾಗಿರುತ್ತದೆ. 25ರಂದು ರಜೆ ಕೇಳಿದಾಗ ‘ಸೀಸನ್‌ನಲ್ಲಿ ಯಾರಿಗೂ ಇಲ್ಲ’ ಎಂದರು. ಆದರೂ ಒಂದು ಮಾತನ್ನು ಒಪ್ಪಬೇಕು. ಎಷ್ಟು ಹೊತ್ತಿಗೆ ಬರಬೇಕು, ಯಾವಾಗ ಹೊರಡಬಹುದು, ಯಾವುದು ನನ್ನ ಕೆಲಸ, ಯಾವುದು ಅಲ್ಲ ಎಂಬುದು ಅಲ್ಲಿ ಮೊದಲ ದಿನವೇ ಗೊತ್ತಿತ್ತು.

ಸೀಸನ್ ಕೆಲಸಕ್ಕೆ ಸೇರುವವರು ತಿಳಿದಿರಬೇಕಾದ ವಿಷಯವೊಂದಿದೆ. ಕರ್ನಾಟಕದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆಂದೇ 1963ರ ಕಾಯ್ದೆ ಇದೆ. ಅದರಡಿ ರಜೆಯ ದಿನ ದುಡಿಸಿಕೊಂಡರೆ ಇಮ್ಮಡಿ ಸಂಬಳ, ಇಲ್ಲವೇ ಸಂಬಳದ ಜೊತೆಗೆ ಬದಲಿ ರಜೆ ಕೊಡಬೇಕು. ಆದರೆ ಹಬ್ಬದ ರಜೆಗಳ ಪಟ್ಟಿ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ, ಕ್ರಿಸ್‌ಮಸ್ ಅದರಲ್ಲಿ ಇರಲೇಬೇಕೆಂದೂ ಇಲ್ಲ. ಅದಕ್ಕೇ ಸೇರುವ ದಿನವೇ ಕೇಳಿಕೊಳ್ಳುವುದು ಒಳ್ಳೆಯದು.

25ರ ನಸುಕಿನ ಪೂಜೆಗೆ ಬರುವವರನ್ನು ಒಮ್ಮೆ ನೋಡಬೇಕು. ರಾತ್ರಿ ಪಾಳಿ ಮುಗಿಸಿದ ನರ್ಸ್‌ಗಳು, ಯೂನಿಫಾರ್ಮ್‌ನಲ್ಲೇ ಬರುವ ಸೆಕ್ಯುರಿಟಿಯವರು, ಬ್ಯಾಗ್ ಹೊತ್ತ ಡೆಲಿವರಿ ಹುಡುಗರು, ಜಾರ್ಖಂಡ್‌ನಿಂದ ಬಂದು ಮನೆಗೆಲಸ ಮಾಡುವ ಹೆಣ್ಣುಮಕ್ಕಳು. ಅವರನ್ನು ಯಾರೂ ‘ಇನ್ನೆರಡು ಗಂಟೆ ಇದ್ದು ಕುರ್ಚಿ ಎತ್ತಿಟ್ಟು ಹೋಗಿ’ ಎನ್ನುವುದಿಲ್ಲ. ಅವರಿಗೆ ಕೆಲಸ ಇದೆ, ಅವರ ಸಮಯಕ್ಕೆ ಬೆಲೆ ಇದೆ ಎಂದು ಎಲ್ಲರಿಗೂ ಗೊತ್ತು. ಕೆಲಸ ಇಲ್ಲದವರ ಸಮಯಕ್ಕೆ ಮಾತ್ರ ಬೆಲೆ ಇಲ್ಲ ಎಂದುಕೊಳ್ಳುತ್ತಾರೆ. ನಮ್ಮ ತಂಡದ ಹುಡುಗನೊಬ್ಬನಿಗೆ 23ರಂದು ಕಂಪನಿಯೊಂದರ ವಾಕ್‌-ಇನ್ ಇತ್ತು. ‘ಹಬ್ಬ ಮುಗಿಯಲಿ ಬಿಡೋ, ಕೆಲಸ ಎಲ್ಲಿ ಓಡಿಹೋಗುತ್ತೆ?’ ಎಂದರು ಹಿರಿಯ ಅಂಕಲ್ ಒಬ್ಬರು. ಅವರು ಕೆಟ್ಟವರಲ್ಲ. ಆದರೆ ಕೆಲಸ ನಿಜಕ್ಕೂ ಓಡಿಹೋಗುತ್ತದೆ ಎಂಬುದು ಹುಡುಕುತ್ತಿರುವವನಿಗೆ ಮಾತ್ರ ಗೊತ್ತು.

ಹುಡುಗಿಯರ ಕಷ್ಟ ಇನ್ನೊಂದು ಬಗೆಯದು. ಹುಡುಗರಿಗೆ ಸ್ಟೇಜ್, ಲೈಟಿಂಗ್, ಪಾರ್ಕಿಂಗ್. ನಮಗೆ ಗುಡಿಸುವುದು, ಬಡಿಸುವುದು, ಲೋಟ ತೊಳೆಯುವುದು. ಯಾರೂ ಹೀಗೆ ಹಂಚಿದ್ದಲ್ಲ, ತಾನಾಗಿಯೇ ಹಾಗಾಗುತ್ತದೆ. ನಡುರಾತ್ರಿಯ ಪೂಜೆ ಮುಗಿದು ಎಲ್ಲವನ್ನೂ ಎತ್ತಿಟ್ಟು ಹೊರಡುವಾಗ ಗಂಟೆ ಒಂದೂವರೆ. ಹೆಬ್ಬಾಳ, ಯಲಹಂಕದ ಕಡೆ ಹೋಗುವವರಿಗೆ ಆ ಹೊತ್ತಿನಲ್ಲಿ ಬಸ್ ಸಿಗುವುದಿಲ್ಲ. ಆಟೊದವರು ಕೇಳಿದಷ್ಟು ಕೊಡಬೇಕು. ‘ಹೋಗಿ ತಲುಪಿದ ಮೇಲೆ ಮೆಸೇಜ್ ಮಾಡಮ್ಮ’ ಎನ್ನುವವರು ಬಹಳ ಮಂದಿ, ‘ನಾನು ಬಿಟ್ಟುಬರುತ್ತೇನೆ’ ಎನ್ನುವವರು ಕಡಿಮೆ.

ಇದನ್ನೆಲ್ಲ ಹೇಳಿದರೆ ‘ದೇವರ ಕೆಲಸಕ್ಕೆ ಲೆಕ್ಕ ಇಡಬಾರದು’ ಎಂಬ ಉತ್ತರ ಬರುತ್ತದೆ. ಕೊಟ್ಟದ್ದನ್ನು ಎಣಿಸಬಾರದು ಎಂಬುದು ನಿಜ. ಆದರೆ ಕುರ್ಚಿಗೆ ಲೆಕ್ಕ ಇದೆ, ಮೇಣದಬತ್ತಿಗೆ ಲೆಕ್ಕ ಇದೆ, ಊಟದ ಕೂಪನ್‌ಗೂ ಇದೆ. ಹುಡುಗರ ಹೊತ್ತಿಗೆ ಮಾತ್ರ ಏಕಿಲ್ಲ?

ಸೇವೆಗೂ ವ್ಯವಸ್ಥೆಗೂ ವಿರೋಧವಿಲ್ಲ ಎಂಬುದಕ್ಕೆ ಚರ್ಚ್‌ನ ಚರಿತ್ರೆಯಲ್ಲೇ ಉದಾಹರಣೆ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಮ್ ಎಂಬ ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಸೇರಿ ಬಡವರ ಮನೆಗಳಿಗೆ ನೆರವು ಮುಟ್ಟಿಸುವ ಗುಂಪೊಂದನ್ನು ಕಟ್ಟಿದ. ಆಗ ಅವನಿಗೆ 20 ವರ್ಷ. ‘ನಿಮ್ಮ ಧರ್ಮ ಈಗ ಬಡವರಿಗೆ ಏನು ಮಾಡುತ್ತಿದೆ?’ ಎಂದು ಚರ್ಚಾಕೂಟದಲ್ಲಿ ಸಹಪಾಠಿಗಳು ಕೇಳಿದ ಪ್ರಶ್ನೆಯೇ ಅದಕ್ಕೆ ಕಾರಣ. ಅದೇ ಇಂದು ನಮ್ಮ ಚರ್ಚ್‌ಗಳಲ್ಲೂ ಇರುವ ಸಂತ ವಿನ್ಸೆಂಟ್ ಡಿ ಪೌಲ್ ಸಭೆ. ಅವರು ನಿಯಮಿತವಾಗಿ ಸಭೆ ಸೇರುತ್ತಾರೆ, ಯಾವ ಮನೆಗೆ ಯಾರು ಹೋಗಬೇಕೆಂದು ತೀರ್ಮಾನಿಸುತ್ತಾರೆ, ಜಮಾ ಖರ್ಚು ಬರೆಯುತ್ತಾರೆ. ಲೆಕ್ಕ ಇಟ್ಟಿದ್ದರಿಂದ ಅವರ ಸೇವೆಯೇನೂ ಕಡಿಮೆಯಾಗಲಿಲ್ಲ. ಸುಮಾರು ಎರಡು ನೂರು ವರ್ಷ ಉಳಿದುಬಂದಿದೆ.

ಹಾಗಾಗಿ ಹಿರಿಯರಲ್ಲಿ, ಗುರುಗಳಲ್ಲಿ, ಪಾಲನಾ ಸಮಿತಿಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಆಗಮನ ಕಾಲದ ಮೊದಲ ಭಾನುವಾರವೇ ಪಾಳಿಪಟ್ಟಿ ಅಂಟಿಸಿ, ಅವರವರಿಗೆ ಆಗುವ ಹೊತ್ತಿಗೆ ಅವರವರೇ ಹೆಸರು ಬರೆಯಲಿ. ಪೊರಕೆಯೂ ಮೈಕೂ ಹುಡುಗ ಹುಡುಗಿ ಇಬ್ಬರ ಕೈಗೂ ಬರಲಿ. 24ರ ರಾತ್ರಿ ಕಾರು ಇರುವ ನಾಲ್ಕು ಕುಟುಂಬಗಳನ್ನು ಮೊದಲೇ ಒಪ್ಪಿಸಿಟ್ಟರೆ ಎಲ್ಲರೂ ಕ್ಷೇಮವಾಗಿ ಮನೆ ಸೇರುತ್ತಾರೆ. ಹಬ್ಬ ಮುಗಿದ ಮೇಲೆ, ಕೇಳಿದವರಿಗೆ ‘ಇವರು ಇಂಥ ಕೆಲಸ ಮಾಡಿದರು’ ಎಂದು ನಾಲ್ಕು ಸಾಲಿನ ಪತ್ರ ಕೊಡಿ.

ಆ ಪತ್ರ ಏಕೆ ಮುಖ್ಯ ಎಂಬುದು ಸಂದರ್ಶನಕ್ಕೆ ಹೋದವರಿಗೆ ಗೊತ್ತು. ‘ಓದು ಮುಗಿದು ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ‘ಚರ್ಚ್‌ನಲ್ಲಿ ಸೇವೆ ಮಾಡುತ್ತಿದ್ದೆ’ ಎಂದರೆ ಎದುರಿಗೆ ಕುಳಿತವರಿಗೆ ಏನೂ ಅರ್ಥವಾಗುವುದಿಲ್ಲ. ‘ಮೂರು ದಿನದ ಊಟದ ಕೂಪನ್‌ಗಳನ್ನು ಮಾರಿ, ಪ್ರತಿ ರಾತ್ರಿ ನಗದು ತಾಳೆ ನೋಡಿ ಒಪ್ಪಿಸುತ್ತಿದ್ದೆ’ ಎಂದರೆ ಅರ್ಥವಾಗುತ್ತದೆ. ನಾನು ಮಾಡಿದ್ದೂ ಅದನ್ನೇ. ಹಾಗೆಂದು ರೆಸ್ಯೂಮೆ ತುಂಬಿಸಲೆಂದೇ ಸೇವೆಗೆ ಹೋಗಬೇಡಿ. ಹಾಗೆ ಬಂದವರು ಎರಡನೇ ದಿನಕ್ಕೇ ಮಾಯವಾಗುವುದನ್ನು ನೋಡಿದ್ದೇನೆ. ಹೋಗಬೇಕೆನಿಸಿದರೆ ಹೋಗಿ. ಆಗುವಷ್ಟು ಹೊತ್ತನ್ನು ಮೊದಲೇ ಹೇಳಿ, ಹೇಳಿದಷ್ಟನ್ನು ತಪ್ಪದೆ ಮಾಡಿ. ಉಳಿದದ್ದಕ್ಕೆ ನಗುತ್ತಲೇ ‘ಆಗಲ್ಲ ಅಂಕಲ್’ ಎನ್ನಿ. ಹಬ್ಬವೇನೂ ನಿಲ್ಲುವುದಿಲ್ಲ.

ಈ ಡಿಸೆಂಬರ್‌ಗೆ ನಾನು ಆಗಲೇ ಹೆಸರು ಕೊಟ್ಟಿದ್ದೇನೆ: ನಾಲ್ಕು ಭಾನುವಾರ ಬೆಳಿಗ್ಗೆ, 24ರಂದು ಸಂಜೆ 4ರಿಂದ 10. ಮಿಕ್ಕ ಹೊತ್ತು ಬ್ಯಾಂಕ್ ಪರೀಕ್ಷೆಯ ಓದಿಗೆ.