ಕಂಬಳದ ಓಟಗಾರರು ಉಸೇನ್ ಬೋಲ್ಟ್‌ಗಿಂತ ವೇಗವೇ? ಅಥವಾ ಎಲ್ಲಾ ಬರೀ ಬಿಲ್ಡಪ್ಪೇ?

ಕಂಬಳದ ಸೀಸನ್ ಬಂತೆಂದರೆ "ಬೋಲ್ಟ್ ದಾಖಲೆ ಮುರಿದ ತುಳುನಾಡ ಯುವಕ" ಎಂಬ ಫಾರ್ವರ್ಡ್ ಕೂಡ ಮೊಬೈಲಿಗೆ ಬರುತ್ತದೆ. ಗ್ರೂಪಿನಲ್ಲಿ ಕೂಡಲೇ ಎರಡು ಪಕ್ಷ. ಒಲಿಂಪಿಕ್ಸ್‌ಗೆ ಕಳಿಸಿದರೆ ಚಿನ್ನ ಗ್ಯಾರಂಟಿ ಎನ್ನುವವರು ಒಂದು ಕಡೆ, ಅತಿಯಾಗಿ ಹೊಗಳಿ ಅಟ್ಟಕ್ಕೇರಿಸಿದ್ದಾರೆ ಎನ್ನುವವರು ಇನ್ನೊಂದು ಕಡೆ. ಯಾರು ಸರಿ?

ನಡೆದದ್ದೇನು?

2020ರ ಫೆಬ್ರವರಿ ಆರಂಭದಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಭಾಗಿಸಿದರು. ಬಂದದ್ದು ಸುಮಾರು 9.55. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಕೆಲವೇ ದಿನಗಳಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟಿಯವರು ವೇಣೂರಿನಲ್ಲಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಅದೇ ಲೆಕ್ಕದಲ್ಲಿ ಅದು 9.52.

ಈ ಲೆಕ್ಕ ಸರಿಯೇ?

ಪೂರ್ತಿ ಸರಿಯಲ್ಲ. ಯಾವ ಓಟಗಾರನೂ ಮೊದಲ ಹೆಜ್ಜೆಯಿಂದಲೇ ಪೂರ್ಣ ವೇಗದಲ್ಲಿ ಇರುವುದಿಲ್ಲ. ಬರ್ಲಿನ್‌ನಲ್ಲಿ ಬೋಲ್ಟ್‌ಗೆ ಮೊದಲ 20 ಮೀಟರಿಗೆ 2.89 ಸೆಕೆಂಡ್ ಬೇಕಾಯಿತು. 60ರಿಂದ 80 ಮೀಟರಿನ ನಡುವೆ ಸಾಕಾದದ್ದು 1.61 ಸೆಕೆಂಡ್ ಮಾತ್ರ. ದೂರ ಸ್ವಲ್ಪ ಹೆಚ್ಚಿದರೆ ಆರಂಭದ ನಿಧಾನ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಹಾಗಾದರೆ ಸಮೀಪದ ದೂರವನ್ನೇ ಹೋಲಿಸೋಣ. 2009ರಲ್ಲೇ ಮ್ಯಾಂಚೆಸ್ಟರ್‌ನಲ್ಲಿ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರು. ಅದರ ಕೊನೆಯ 100 ಮೀಟರಿಗೆ ಹಿಡಿದದ್ದು 8.70 ಸೆಕೆಂಡ್. ಆ ವೇಗದ ಪ್ರಕಾರ 142.5 ಮೀಟರ್ ದಾಟಿದ್ದು ಸುಮಾರು 13.7 ಸೆಕೆಂಡಿಗೆ. ಅಂದರೆ ಹೀಗೆ ನೋಡಿದರೂ ಗೌಡರೇ ಕೂದಲೆಳೆಯಷ್ಟು ಮುಂದೆ! ಹಾಗಿದ್ದರೆ ಫಾರ್ವರ್ಡ್ ನಿಜವೇ?

ಗುಟ್ಟು ಇರುವುದು ಕೋಣಗಳಲ್ಲಿ

ಟ್ರ್ಯಾಕ್‌ನಲ್ಲಿ ಓಟಗಾರನನ್ನು ಮುಂದೆ ತಳ್ಳುವುದು ಅವನ ಕಾಲು ಮಾತ್ರ. ಕಂಬಳದಲ್ಲಿ ಮುಂದೆ ಎರಡು ಕೋಣಗಳು ಎಳೆಯುತ್ತಿರುತ್ತವೆ. ಆ ಎಳೆತದಿಂದ ಪ್ರತಿ ಹೆಜ್ಜೆಯೂ ಉದ್ದವಾಗುತ್ತದೆ. ಅಥ್ಲೆಟಿಕ್ಸ್‌ನಲ್ಲಿ ಇಂಥ ಸಹಾಯಕ್ಕೆ ಜಾಗವೇ ಇಲ್ಲ. ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೂ 100 ಮೀಟರ್ ದಾಖಲೆಯನ್ನು ಒಪ್ಪುವುದಿಲ್ಲ. 2011ರಲ್ಲಿ ಅಮೆರಿಕದ ಜಸ್ಟಿನ್ ಗ್ಯಾಟ್ಲಿನ್ ಜಪಾನಿನ ಟಿವಿ ಕಾರ್ಯಕ್ರಮವೊಂದರಲ್ಲಿ 9.45 ಸೆಕೆಂಡಿನಲ್ಲಿ 100 ಮೀಟರ್ ಓಡಿದ್ದರು. ಬೆನ್ನ ಹಿಂದೆ ದೈತ್ಯ ಫ್ಯಾನ್‌ಗಳಿದ್ದವು. ಅದನ್ನು ಯಾರೂ ವಿಶ್ವದಾಖಲೆ ಎನ್ನಲಿಲ್ಲ.

ಹಾಗಾದರೆ ಬರೀ ಬಿಲ್ಡಪ್ಪೇ?

ಅದೂ ಅಲ್ಲ. ಫ್ಯಾನ್ ಗಾಳಿ ಹಾಕುತ್ತದೆ ಅಷ್ಟೇ, ಕೋಣ ಹಾಗಲ್ಲ. ಗಂತಿನಿಂದ ಮಂಜೊಟ್ಟಿಯವರೆಗೆ ಕೆಸರು ನೀರಿನಲ್ಲಿ, ಬರಿಗಾಲಲ್ಲಿ, ಮುಖಕ್ಕೆ ನೀರು ರಾಚುತ್ತಿರುವಾಗ ಎರಡು ಕೋಣಗಳನ್ನು ಹದ್ದುಬಸ್ತಿನಲ್ಲಿಟ್ಟು ಬೀಳದೆ ಓಡಬೇಕು. ನಮ್ಮಲ್ಲಿ ಹೆಚ್ಚಿನವರು ನಾಲ್ಕನೇ ಹೆಜ್ಜೆಗೇ ಮುಗ್ಗರಿಸಿಯಾರು. ಇದು ಬೋಲ್ಟ್ ಕಲಿಯದ ವಿದ್ಯೆ.

ಗೌಡರಿಗೆ ಈ ವ್ಯತ್ಯಾಸ ಗೊತ್ತಿತ್ತು. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದಲ್ಲಿ ಟ್ರಯಲ್ಸ್‌ಗೆ ಕರೆದಾಗ ಅವರು ಒಪ್ಪಲಿಲ್ಲ. ಟ್ರ್ಯಾಕ್‌ನಲ್ಲಿ ಕಾಲ್ಬೆರಳ ಮೇಲೆ ಓಡುತ್ತಾರೆ, ಕಂಬಳದಲ್ಲಿ ಹಿಮ್ಮಡಿಯ ಮೇಲೆ. ಈ ಓಟದಲ್ಲಿ ಕೋಣಗಳ ಪಾಲೂ ಇದೆ ಎಂದು ವಿವರಿಸಿದರು. ಅದನ್ನು ಹೆದರಿಕೆ ಎಂದುಕೊಂಡರೆ ತಪ್ಪಾಗುತ್ತದೆ. ಕಟ್ಟಡ ಕೆಲಸ ಮಾಡಿಕೊಂಡಿದ್ದ ಒಬ್ಬ ಯುವಕನನ್ನು, ಅವನು ಕೇಳದೇ ಇದ್ದ ಸ್ಪರ್ಧೆಗೆ ಇಳಿಸಿ, ಸೋತರೆ ನಗಲು ಕಾಯುವುದು ಅಭಿಮಾನವಲ್ಲ.

ಕೊನೆಯ ಮಾತು

ಇಲ್ಲಿ ಅತಿಯಾದದ್ದು ಆ 9.55 ಎಂಬ ಸಂಖ್ಯೆ, ಓಟಗಾರನಲ್ಲ. ಕರೆಗಳ ಉದ್ದವೂ ಎಲ್ಲ ಕಡೆ ಒಂದೇ ಇರುವುದಿಲ್ಲ. ಕಟಪಾಡಿಯ ಓಟವನ್ನು ಮಿಯ್ಯಾರಿನದ್ದಕ್ಕೆ ಹೋಲಿಸುವಾಗಲೇ ಎಚ್ಚರ ಬೇಕು, ಬರ್ಲಿನ್ ಅಂತೂ ದೂರದ ಮಾತು. ಮುಂದಿನ ಸಲ ಆ ಫಾರ್ವರ್ಡ್ ಬಂದರೆ ಹಂಚಿ, ಆದರೆ ಬೋಲ್ಟ್ ಹೆಸರು ಬಿಟ್ಟು ಕೋಣಗಳ ಹೆಸರು ಸೇರಿಸಿ.