ಗೊಬ್ಬರದ ಚೀಲದ ಮೇಲಿನ ಅಂಕಿ ಓದಿ

ರಾಗಿ ಬಿತ್ತನೆಗೆ ಹದವಾದ ಮಳೆ ಬಿದ್ದ ಮರುದಿನ ರೈತರು ಹೊಲದಲ್ಲಿರಬೇಕು. ಆದರೆ ನಾನು ಎಷ್ಟೋ ಸಲ ಅವರನ್ನು ಕಂಡದ್ದು ಗೊಬ್ಬರದಂಗಡಿಯ ಮುಂದಿನ ಸಾಲಿನಲ್ಲಿ. ಡಿ.ಎ.ಪಿ. ಬರುವವರೆಗೆ ಬಿತ್ತನೆ ಇಲ್ಲ ಎಂದು ಕಾಯುತ್ತಾರೆ. ಅಷ್ಟರಲ್ಲಿ ನೆಲದ ಹದ ಆರಿಹೋಗುತ್ತದೆ. ಅದೇ ಅಂಗಡಿಯ ಮೂಲೆಯಲ್ಲಿ ಸೂಪರ್ ಫಾಸ್ಫೇಟ್ ಚೀಲಗಳು ಕೇಳುವವರಿಲ್ಲದೆ ಬಿದ್ದಿರುತ್ತವೆ.

ಬೆಳೆಗೆ ಗೊಬ್ಬರದ ಹೆಸರು ತಿಳಿಯದು. ಅದಕ್ಕೆ ಬೇಕಾದದ್ದು ಸಾರಜನಕ, ರಂಜಕ ಮತ್ತು ಪೊಟ್ಯಾಷ್. 100 ಕಿಲೋ ಗೊಬ್ಬರದಲ್ಲಿ ಇವು ಎಷ್ಟೆಷ್ಟು ಕಿಲೋ ಇವೆ ಎಂಬುದನ್ನು ಚೀಲದ ಮೇಲಿನ ಮೂರು ಅಂಕಿಗಳು ಇದೇ ಕ್ರಮದಲ್ಲಿ ಹೇಳುತ್ತವೆ. ಡಿ.ಎ.ಪಿ. 18-46-0 ಎಂದರೆ 50 ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ, ಪೊಟ್ಯಾಷ್ ಸೊನ್ನೆ.

ಮಳೆಯಾಶ್ರಿತ ರಾಗಿಗೆ ಎಕರೆಗೆ 20 ಕಿಲೋ ಸಾರಜನಕ, 16 ಕಿಲೋ ರಂಜಕ, 15 ಕಿಲೋ ಪೊಟ್ಯಾಷ್ ಶಿಫಾರಸಾಗಿದೆ. ಡಿ.ಎ.ಪಿ. ಇದ್ದರೆ 35 ಕಿಲೋ ಸಾಕು. ಜೊತೆಗೆ 30 ಕಿಲೋ ಯೂರಿಯಾ ಬೇಕು. ಇಲ್ಲವೆನ್ನಿ, ಶೇಕಡಾ 16 ರಂಜಕವಿರುವ ಸೂಪರ್ ಫಾಸ್ಫೇಟ್ ಎರಡು ಚೀಲ ತನ್ನಿ, 16 ಕಿಲೋ ರಂಜಕ ಸಿಕ್ಕಿತು. ಶೇಕಡಾ 46 ಸಾರಜನಕವಿರುವ ಯೂರಿಯಾದ 45 ಕಿಲೋ ಚೀಲ ಒಂದು ತನ್ನಿ, ಸಾರಜನಕವೂ ಆಯಿತು. ಯಾವ ದಾರಿ ಹಿಡಿದರೂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅರ್ಧ ಚೀಲ ಸೇರಲೇಬೇಕು.

ಎರಡು ಚೀಲ ಹೊರುವ ಶ್ರಮ ಹೆಚ್ಚು, ನಿಜ. ಆದರೆ ಸೂಪರ್ ಫಾಸ್ಫೇಟ್‌ನಲ್ಲಿ ಡಿ.ಎ.ಪಿ.ಯಲ್ಲಿಲ್ಲದ ಗಂಧಕವೂ ಸುಣ್ಣದ ಅಂಶವೂ ಇವೆ. ಅದನ್ನು ಯೂರಿಯಾದೊಡನೆ ಬೆರೆಸಿಡಬೇಡಿ, ನೀರೊಡೆಯುತ್ತದೆ. ರಂಜಕ, ಪೊಟ್ಯಾಷ್ ಪೂರ್ತಿಯಾಗಿ ಬಿತ್ತನೆಗೆ ಕೊಡಿ. ಯೂರಿಯಾ ಅರ್ಧ ಬಿತ್ತನೆಗೆ, ಉಳಿದರ್ಧ ಕಳೆ ತೆಗೆದ ಮೇಲೆ ತೇವವಿದ್ದಾಗ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರಂತೆ ಪ್ರಮಾಣ ತಗ್ಗಿಸಿ, ಹೆಚ್ಚಿಸಿ.

ಇದರಲ್ಲಿ ನಮ್ಮ ತಪ್ಪೂ ಇದೆ. ಹಳ್ಳಿಗೆ ಹೋದಾಗಲೆಲ್ಲ 'ಎಕರೆಗೆ ಒಂದು ಚೀಲ ಡಿ.ಎ.ಪಿ. ಹಾಕಿ' ಎಂದು ಸುಲಭವಾಗಿ ಹೇಳಿ ಬಂದವರು ನಾವೇ. ಲೆಕ್ಕ ಕಲಿಸಲಿಲ್ಲ, ಹೆಸರು ಕಲಿಸಿದೆವು. 2022ರಿಂದ ಸಹಾಯಧನದ ಗೊಬ್ಬರಗಳೆಲ್ಲ ಯಾವ ಕಂಪನಿಯದಾದರೂ 'ಭಾರತ್' ಎಂಬ ಒಂದೇ ಹೆಸರಿನಲ್ಲಿ ಬರುತ್ತಿವೆ. ಇನ್ನಾದರೂ ಅಂಕಿ ನೋಡಿ ಕೊಳ್ಳೋಣ. ಶಾಲೆಗೆ ಹೋಗುವ ಮಗುವನ್ನು ಅಂಗಡಿಗೆ ಕರೆದೊಯ್ಯಿರಿ. ಶೇಕಡಾ ಲೆಕ್ಕ ಅದಕ್ಕೆ ಬರುತ್ತದೆ. ಡಿ.ಎ.ಪಿ. ನಾಳೆಯೂ ಬಂದೀತು, ಬಿತ್ತನೆಯ ಹದ ಕಾಯುವುದಿಲ್ಲ.