ವಾರ್ತೆ ಓದುವ ಕೆಲಸ ಸತ್ತಿರಲಿಲ್ಲ

2007ರಲ್ಲಿ ಬಿಬಿಸಿ ಟೆಲಿವಿಷನ್, ಮೊಯಿರಾ ಸ್ಟುವರ್ಟ್ ಅವರ ಕೈಯಲ್ಲಿ ಉಳಿದಿದ್ದ ಭಾನುವಾರ ಬೆಳಗಿನ ವಾರ್ತೆಯನ್ನೂ ತೆಗೆದುಹಾಕಿತು. ಆಂಡ್ರ್ಯೂ ಮಾರ್ ನಡೆಸುತ್ತಿದ್ದ ಕಾರ್ಯಕ್ರಮದ ನಡುವೆ ಬರುತ್ತಿದ್ದ ಪುಟ್ಟ ಬುಲೆಟಿನ್ ಅದು. ಆಗ ಅವರಿಗೆ 57 ವರ್ಷ. ಬ್ರಿಟನ್ನಿನ ರಾಷ್ಟ್ರೀಯ ಟೆಲಿವಿಷನ್ನಿನಲ್ಲಿ ವಾರ್ತೆ ಓದಿದ ಆಫ್ರಿಕನ್-ಕೆರಿಬಿಯನ್ ಮೂಲದ ಮೊದಲ ಮಹಿಳೆ ಅವರು. ತೆರೆಗೆ ಬಂದದ್ದು 1981ರಲ್ಲಿ. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಪೊಲೀಸರಿಗೂ ಕಪ್ಪು ಯುವಕರಿಗೂ ಬೀದಿಯಲ್ಲೇ ಘರ್ಷಣೆ ನಡೆದು ದೇಶ ತಲ್ಲಣಿಸಿದ್ದ ವರ್ಷ ಅದು. ಅಂಥ ಹೊತ್ತಿನಲ್ಲಿ ಕಪ್ಪು ಹೆಣ್ಣುಮಗಳೊಬ್ಬಳು ದೇಶದ ಸುದ್ದಿಯನ್ನು ದೇಶಕ್ಕೇ ಓದಿ ಹೇಳಿದ್ದು ಸಣ್ಣ ಸಂಗತಿಯಲ್ಲ. 2007ರ ಅಕ್ಟೋಬರ್‌ನಲ್ಲಿ ಅವರು 34 ವರ್ಷಗಳ ನಂಟು ಮುಗಿಸಿ ಸಂಸ್ಥೆಯಿಂದ ಹೊರನಡೆದರು. ವಯಸ್ಸಾಯಿತೆಂದು ಅವರನ್ನು ಬದಿಗೆ ಸರಿಸಲಾಗಿದೆ ಎಂಬ ಆಕ್ಷೇಪ ಎದ್ದಾಗ, ಬಿಬಿಸಿಯ ಮಹಾನಿರ್ದೇಶಕ ಮಾರ್ಕ್ ಥಾಂಪ್ಸನ್ ಸಂಸದೀಯ ಸಮಿತಿಯ ಮುಂದೆ ಒಂದು ಸಮಜಾಯಿಷಿ ಕೊಟ್ಟರು. ಬರೆದುಕೊಟ್ಟದ್ದನ್ನು ಓದುವ ಸಾಂಪ್ರದಾಯಿಕ ವಾರ್ತಾವಾಚಕರ ಕೆಲಸವೇ ಸಂಸ್ಥೆಯಲ್ಲಿ ಹೆಚ್ಚುಕಡಿಮೆ ಇಲ್ಲವಾಗಿದೆ, ಈಗ ವರದಿಗಾರಿಕೆಯನ್ನೂ ಬಲ್ಲ ನಿರೂಪಕರ ಕಾಲ ಎಂಬುದು ಅದರ ಸಾರ. ಈ ಸಮಜಾಯಿಷಿಯನ್ನು ಒಪ್ಪಲಾಗದು. ಕೆಲಸ ಸತ್ತಿರಲಿಲ್ಲ. ಆ ಕೆಲಸದಲ್ಲಿದ್ದುಕೊಂಡೇ ಹೆಣ್ಣೊಬ್ಬಳು ವಯಸ್ಸಾಗಲು ಬಿಡುವ ಮನಸ್ಸು ಸಂಸ್ಥೆಗೆ ಇರಲಿಲ್ಲ.

ಕಾಲ ಬದಲಾಯಿತು ಎಂಬ ಮಾತನ್ನೇ ಮೊದಲು ನೋಡೋಣ. ಬ್ರಿಟನ್ನಿನಲ್ಲಿ ಆ ಬದಲಾವಣೆ ಶುರುವಾದದ್ದು 1955ರಲ್ಲಿ. ಆ ವರ್ಷ ಹುಟ್ಟಿದ, ಐಟಿವಿ ವಾಹಿನಿಯ ಸುದ್ದಿಸಂಸ್ಥೆ ಐಟಿಎನ್, ತಾನೇ ಸುದ್ದಿ ಬರೆದು ತನ್ನದೇ ಧಾಟಿಯಲ್ಲಿ ಹೇಳುವ ಪತ್ರಕರ್ತನನ್ನು ಕ್ಯಾಮೆರಾದ ಮುಂದೆ ಕೂರಿಸಿತು. ಬಿಬಿಸಿಯೂ ನಿಧಾನವಾಗಿ ಅದೇ ದಾರಿಗೆ ಬಂತು. ಆದರೂ 1981ರಲ್ಲಿ ಅದು ಮೊಯಿರಾ ಸ್ಟುವರ್ಟ್ ಅವರನ್ನು ವಾರ್ತಾವಾಚಕಿಯಾಗಿಯೇ ತೆರೆಗೆ ತಂದಿತು, ಕಾಲು ಶತಮಾನ ಕಾಲ ಅವರಿಂದ ಆ ಕೆಲಸ ಮಾಡಿಸಿಕೊಂಡಿತು. ಅರ್ಧ ಶತಮಾನದುದ್ದಕ್ಕೂ ಮೆಲ್ಲಗೆ ಸಾಗಿಬಂದ ಬದಲಾವಣೆಯೊಂದು, ಈ ಹೆಣ್ಣಿಗೆ ಅರವತ್ತು ಸಮೀಪಿಸಿದಾಗ ಇದ್ದಕ್ಕಿದ್ದಂತೆ ಪೂರ್ಣಗೊಂಡಿತು ಎಂದರೆ ನಂಬುವುದು ಹೇಗೆ? ಅವರು ಕೇವಲ ಓದುವವರು ಎಂಬ ವಾದವೂ ದುರ್ಬಲ. ಗುಲಾಮರ ವ್ಯಾಪಾರವನ್ನು ಬ್ರಿಟನ್ ನಿಷೇಧಿಸಿ ಇನ್ನೂರು ವರ್ಷ ತುಂಬಿದ ಸಂದರ್ಭದಲ್ಲಿ, ಅಂದರೆ ಇದೇ 2007ರಲ್ಲಿ, ಆ ನಿಷೇಧಕ್ಕಾಗಿ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಕುರಿತು ಬಿಬಿಸಿಗಾಗಿಯೇ ಸಾಕ್ಷ್ಯಚಿತ್ರವೊಂದನ್ನು ನಿರೂಪಿಸಿದ್ದವರು ಅವರು. ಇತಿಹಾಸದ ಅತಿ ನೋವಿನ ಅಧ್ಯಾಯವೊಂದನ್ನು ದೇಶಕ್ಕೆ ವಿವರಿಸಲು ತಕ್ಕವರಾಗಿದ್ದವರು ಭಾನುವಾರದ ಬುಲೆಟಿನ್ನಿಗೆ ಸಾಲದಾದರೇ?

ಇನ್ನೂ ಗಟ್ಟಿಯಾದ ಸಾಕ್ಷ್ಯವನ್ನು ಬಿಬಿಸಿಯೇ ಒದಗಿಸಿತು. 2010ರಲ್ಲಿ ರೇಡಿಯೊ 2ರಲ್ಲಿ ಕ್ರಿಸ್ ಇವಾನ್ಸ್ ಬೆಳಗಿನ ಕಾರ್ಯಕ್ರಮ ಆರಂಭಿಸಿದಾಗ, ಅದರಲ್ಲಿ ವಾರ್ತೆ ಓದಲು ಮೊಯಿರಾ ಸ್ಟುವರ್ಟ್ ಅವರನ್ನೇ ಕರೆಸಿಕೊಳ್ಳಲಾಯಿತು. ಮೂರು ವರ್ಷದ ಹಿಂದೆ ಸಂಸತ್ತಿನ ಮುಂದೆ ಮುಗಿದುಹೋಯಿತೆಂದು ಹೇಳಿದ ಕೆಲಸ, ದೇಶದ ಲಕ್ಷಾಂತರ ಜನ ಕೇಳುವ ಹೊತ್ತಿನಲ್ಲಿ, ಅದೇ ಸಂಸ್ಥೆಯಲ್ಲಿ, ಅದೇ ವ್ಯಕ್ತಿಯ ಬಾಯಲ್ಲಿ ನಡೆಯುತ್ತಿತ್ತು. ವ್ಯತ್ಯಾಸ ಒಂದೇ: ರೇಡಿಯೊದಲ್ಲಿ ಮುಖ ಕಾಣುವುದಿಲ್ಲ. ಅವರ ಉಚ್ಚಾರ, ನಿಲುಗಡೆ, ಸಾವುನೋವಿನ ಸುದ್ದಿಯಿಂದ ಹವಾಮಾನಕ್ಕೆ ದನಿ ಒಡೆಯದೆ ಸಾಗುವ ಸಂಯಮ ಸಂಸ್ಥೆಗೆ ಬೇಕಾಗಿತ್ತು, ವಯಸ್ಸಾದ ಮುಖ ಬೇಡವಾಗಿತ್ತು ಎಂದು ಯಾರಾದರೂ ಅರ್ಥ ಮಾಡಿಕೊಂಡರೆ ಆ ತೀರ್ಮಾನವನ್ನು ಅಲ್ಲಗಳೆಯಲು ಬಿಬಿಸಿಯ ಬಳಿ ಹೆಚ್ಚೇನೂ ಇಲ್ಲ. ವಾರ್ತೆ ಓದುವುದು ಒಂದು ವಿದ್ಯೆ. ಹೆಸರುಗಳನ್ನು ತಪ್ಪಿಲ್ಲದೆ ಉಚ್ಚರಿಸುವುದು, ತನ್ನ ಅಭಿಪ್ರಾಯವನ್ನು ದನಿಯಲ್ಲಿ ತೋರಗೊಡದಿರುವುದು, ಕೊನೆ ಗಳಿಗೆಯಲ್ಲಿ ಕೈಗೆ ಬಂದ ಸುದ್ದಿಯನ್ನು ಆತಂಕವಿಲ್ಲದೆ ಓದುವುದು ವರ್ಷಗಟ್ಟಲೆ ಮಾಡಿದಷ್ಟೂ ಪಳಗುವ ಕೆಲಸ. ಅನುಭವದಿಂದಲೇ ಹದಗೊಳ್ಳುವ ವಿದ್ಯೆಗೆ ವಯಸ್ಸನ್ನೇ ಅನರ್ಹತೆ ಮಾಡುವುದು ಆ ವಿದ್ಯೆಗೂ ಮಾಡಿದ ಅವಮಾನ.

ಗಂಡಸರ ವಿಷಯದಲ್ಲಿ ಇದೇ ಅಳತೆಗೋಲು ಇತ್ತೆ? ವಾರ್ತೆ ಓದುತ್ತಿದ್ದ ಪೀಟರ್ ಸಿಸನ್ಸ್ ಬಿಬಿಸಿ ಸುದ್ದಿಯಿಂದ ನಿವೃತ್ತರಾದದ್ದು 2009ರಲ್ಲಿ, 66ನೇ ವಯಸ್ಸಿನಲ್ಲಿ. ಡೇವಿಡ್ ಡಿಂಬಲ್‌ಬಿ 1979ರಿಂದ ಸಾರ್ವತ್ರಿಕ ಚುನಾವಣೆಯ ರಾತ್ರಿಗಳನ್ನು ನಡೆಸಿಕೊಟ್ಟವರು. 2015ರ ಚುನಾವಣೆಯ ರಾತ್ರಿ ಅವರಿಗೆ 76. ಅವರು ವಾರ್ತಾವಾಚಕರಲ್ಲ, ನಿಜ, ಆದರೆ ತೆರೆಯ ಮೇಲೆ ನೆರೆಗೂದಲನ್ನು ಬಿಬಿಸಿ ಹೇಗೆ ಕಾಣುತ್ತಿತ್ತು ಎಂಬುದಕ್ಕೆ ಅವರೇ ಸಾಕ್ಷಿ. ಪ್ರತಿಸ್ಪರ್ಧಿ ಐಟಿವಿಯ ಉದಾಹರಣೆ ಇನ್ನೂ ಹೇಳುವಂಥದ್ದು. ಮೊಯಿರಾ ಸ್ಟುವರ್ಟ್ ಹೊರನಡೆದು ಮೂರೇ ತಿಂಗಳಿಗೆ, 2008ರ ಜನವರಿಯಲ್ಲಿ, ಐಟಿವಿ ತನ್ನ ರಾತ್ರಿ ಹತ್ತರ ಸುದ್ದಿಗೆ ಮತ್ತೆ ಗಾಂಭೀರ್ಯ ತರಲು 68 ವರ್ಷದ ಟ್ರೆವರ್ ಮ್ಯಾಕ್‌ಡೊನಾಲ್ಡ್ ಅವರನ್ನು ನಿವೃತ್ತಿಯಿಂದ ವಾಪಸು ಕರೆಯಿತು. ಅವರ ಪಕ್ಕದಲ್ಲಿ ಕುಳಿತ ಜೂಲಿ ಎಚಿಂಗಮ್ ಮ್ಯಾಕ್‌ಡೊನಾಲ್ಡ್‌ಗಿಂತ ಮೂವತ್ತು ವರ್ಷ ಚಿಕ್ಕವರು. ಮ್ಯಾಕ್‌ಡೊನಾಲ್ಡ್ ಟ್ರಿನಿಡಾಡ್‌ನಲ್ಲಿ ಹುಟ್ಟಿದವರು, ಬ್ರಿಟಿಷ್ ಸುದ್ದಿಲೋಕದ ಅತ್ಯಂತ ಗೌರವಾನ್ವಿತ ಕಪ್ಪು ಮುಖ. ಹಾಗಾಗಿ ಸ್ಟುವರ್ಟ್ ಪ್ರಕರಣವನ್ನು ಬರೀ ಜನಾಂಗದ ಪ್ರಶ್ನೆಯಾಗಿ ನೋಡಿದವರು ಅರ್ಧ ಮಾತ್ರ ನೋಡಿದರು ಎನ್ನಬೇಕು. ಗಂಡಿನ ಮುಖದ ಸುಕ್ಕು ಅಲ್ಲಿ ಅಧಿಕಾರದ ಗುರುತಾಗಿ ಬೆಲೆ ಪಡೆಯಿತು, ಹೆಣ್ಣಿನ ಸುಕ್ಕಿಗೆ ಆ ಬೆಲೆ ಸಿಗಲಿಲ್ಲ.

ಈ ವಾದಕ್ಕೆ ಎದುರಾಗುವ ಅತ್ಯಂತ ಬಲವಾದ ಆಕ್ಷೇಪ ಹಳೆಯ ತಲೆಮಾರಿನದು. 1955ರಲ್ಲಿ ಬಿಬಿಸಿ ತೆರೆಯ ಮೇಲೆ ಮುಖ ತೋರಿಸಿ ವಾರ್ತೆ ಓದಿದ ಮೊದಲಿಗರಾದ ಕೆನ್ನೆತ್ ಕೆಂಡಲ್, ಅವರ ಸಮಕಾಲೀನ ರಿಚರ್ಡ್ ಬೇಕರ್ ಇಬ್ಬರೂ 1980ರ ದಶಕದ ಆರಂಭದಲ್ಲಿ, ಅರವತ್ತು ತುಂಬುವ ಮೊದಲೇ, ಬಿಬಿಸಿ ವಾರ್ತೆಯನ್ನು ಬಿಟ್ಟರು. ಹಾಗಿದ್ದರೆ 57ಕ್ಕೆ ತೆರೆಯ ವಾರ್ತೆಯಿಂದ ಸರಿದ ಸ್ಟುವರ್ಟ್ ಅವರಿಗೆ ಆದ ಅನ್ಯಾಯವೇನು ಎಂದು ಕೇಳಬಹುದು. ಉತ್ತರ ಇದೆ. ಅವರಿಬ್ಬರ ನಂತರ ಬಂದ ಗಂಡಸರಿಗೆ ಆ ಎಲ್ಲೆ ಸಡಿಲವಾಗುತ್ತ ಹೋಯಿತು. ಅದನ್ನು ಸಿಸನ್ಸ್ ಅವರಲ್ಲಿ ಕಂಡೆವು. ಅದಕ್ಕಿಂತ ಮುಖ್ಯವಾಗಿ, ಉದ್ಯೋಗದಲ್ಲಿ ವಯಸ್ಸಿನ ಆಧಾರದ ತಾರತಮ್ಯವನ್ನು ನಿಷೇಧಿಸುವ ನಿಯಮಗಳು ಬ್ರಿಟನ್ನಿನಲ್ಲಿ 2006ರ ಅಕ್ಟೋಬರ್‌ನಲ್ಲೇ ಜಾರಿಗೆ ಬಂದಿದ್ದವು. ಕೆಂಡಲ್ ಕಾಲದ ವಾಡಿಕೆಯನ್ನು 2007ರಲ್ಲಿ ಸಮರ್ಥನೆಗೆ ತರುವಂತಿರಲಿಲ್ಲ.

ಅವರೇ ದೂರು ಕೊಡಲಿಲ್ಲವಲ್ಲ, ನಿಮಗೇಕೆ ಎಂಬುದು ಮತ್ತೊಂದು ಆಕ್ಷೇಪ. ಸ್ಟುವರ್ಟ್ ಮಿತಭಾಷಿ, ಸಂಸ್ಥೆಯ ವಿರುದ್ಧ ಬೀದಿಗೆ ಬಂದವರಲ್ಲ. ಆದರೆ ಮೌನವನ್ನು ಸಮ್ಮತಿ ಎಂದು ಓದುವ ಮುನ್ನ, ಮೌನ ಮುರಿದವರಿಗೆ ಏನು ದೊರೆಯಿತೆಂದು ನೋಡಬೇಕು. ಕೃಷಿ ಮತ್ತು ಗ್ರಾಮಜೀವನದ ಕಾರ್ಯಕ್ರಮ ‘ಕಂಟ್ರಿಫೈಲ್‌’ನಿಂದ ಕೈಬಿಡಲಾದ ನಿರೂಪಕಿ ಮಿರಿಯಮ್ ಒ’ರೈಲಿ ಉದ್ಯೋಗ ನ್ಯಾಯಮಂಡಳಿಗೆ ಹೋದರು. 2011ರ ಜನವರಿಯಲ್ಲಿ ಮಂಡಳಿ, ಬಿಬಿಸಿ ವಯಸ್ಸಿನ ತಾರತಮ್ಯ ಮಾಡಿದೆ ಎಂದು ತೀರ್ಪಿತ್ತಿತು. ಲಿಂಗ ತಾರತಮ್ಯದ ಆರೋಪವನ್ನು ಎತ್ತಿಹಿಡಿಯಲಿಲ್ಲ. ಮರುವರ್ಷ ಇದೇ ಮಾರ್ಕ್ ಥಾಂಪ್ಸನ್ ಪತ್ರಿಕೆಯೊಂದರಲ್ಲಿ ಬರೆಯುತ್ತ, ಬಿಬಿಸಿಯಲ್ಲಿ, ವಿಶೇಷವಾಗಿ ಪ್ರಮುಖ ಸ್ಥಾನಗಳಲ್ಲಿ, ಹಿರಿಯ ವಯಸ್ಸಿನ ಮಹಿಳೆಯರು ತೀರಾ ಕಡಿಮೆ ಎಂದು ಒಪ್ಪಿಕೊಂಡರು. 2013ರಲ್ಲಿ ಲೇಬರ್ ಪಕ್ಷದ ಹ್ಯಾರಿಯೆಟ್ ಹಾರ್ಮನ್ ಪ್ರಮುಖ ಪ್ರಸಾರ ಸಂಸ್ಥೆಗಳಿಂದ ಪಡೆದು ಪ್ರಕಟಿಸಿದ ಅಂಕಿಅಂಶದ ಪ್ರಕಾರ, ಐವತ್ತು ದಾಟಿದ ಟಿವಿ ನಿರೂಪಕರಲ್ಲಿ ಶೇ 82ರಷ್ಟು ಗಂಡಸರು. ಆ ದೇಶದ ಐವತ್ತು ದಾಟಿದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಎಂಬುದನ್ನು ನೆನೆದರೆ ಈ ಅಂಕಿ ಆಕಸ್ಮಿಕವೆಂದು ಹೇಳಲಾಗದು.

ನನ್ನನ್ನು ಹೆಚ್ಚು ಕಾಡುವುದು ಕಾರಣಗಳು ಬದಲಾಗುತ್ತ ಬಂದ ರೀತಿ. 1960ರಲ್ಲಿ ಬಿಬಿಸಿ ನ್ಯಾನ್ ವಿಂಟನ್ ಅವರಿಂದ ವಾರ್ತೆ ಓದಿಸಿ, ಕೆಲವೇ ತಿಂಗಳಲ್ಲಿ ನಿಲ್ಲಿಸಿತು: ಹೆಂಗಸು ರಾತ್ರಿಯ ಸುದ್ದಿ ಓದುವುದು ವೀಕ್ಷಕರಿಗೆ ಹಿಡಿಸುತ್ತಿಲ್ಲ ಎಂದು ಸಂಶೋಧನೆ ಹೇಳಿತಂತೆ. ಆಂಜೆಲಾ ರಿಪ್ಪನ್ ಒಂಬತ್ತು ಗಂಟೆಯ ಸುದ್ದಿಗೆ ಕಾಯಂ ಆಗಿ ಬರಲು 1975 ಬೇಕಾಯಿತು. ಅವರನ್ನು ನೋಡಿ ಜನ ಟಿವಿ ಆರಿಸಲಿಲ್ಲ. ಅಂದು ವೀಕ್ಷಕರ ಹೆಸರು, 2007ರಲ್ಲಿ ಕಾಲದ ಹೆಸರು. 2023ರಲ್ಲಿ ದೇಶೀಯ ಸುದ್ದಿವಾಹಿನಿಯನ್ನೂ ಅಂತರರಾಷ್ಟ್ರೀಯ ವಾಹಿನಿಯನ್ನೂ ಒಂದುಗೂಡಿಸಿದಾಗ ಪುನರ್‌ರಚನೆಯ ಹೆಸರು. ಆಗ ಪ್ರಧಾನ ನಿರೂಪಕರ ಹುದ್ದೆ ಸಿಗದ ನಾಲ್ವರು ಮಹಿಳೆಯರು ನೇಮಕಾತಿ ಮೊದಲೇ ನಿರ್ಧಾರವಾಗಿತ್ತು, ತಮಗೆ ಲಿಂಗ ಮತ್ತು ವಯಸ್ಸಿನ ತಾರತಮ್ಯವಾಗಿದೆ ಎಂದು ನ್ಯಾಯಮಂಡಳಿಗೆ ಹೋದರು. ಎಲ್ಲರೂ ನಲವತ್ತರ ಕೊನೆಯಲ್ಲಿ ಅಥವಾ ಐವತ್ತರ ಆಚೀಚೆ ಇದ್ದವರು. ಬಿಬಿಸಿ ಆರೋಪವನ್ನು ನಿರಾಕರಿಸಿತು. 2025ರ ಮಾರ್ಚ್‌ನಲ್ಲಿ, ಯಾವ ತಪ್ಪನ್ನೂ ಒಪ್ಪಿಕೊಳ್ಳದೆ, ರಾಜಿ ಮಾಡಿಕೊಂಡಿತು. ರಾಜಿಯಾದ್ದರಿಂದ ಆರೋಪ ಸಾಬೀತಾಗಲಿಲ್ಲ. ಸಾಕ್ಷ್ಯವೂ ಬಹಿರಂಗ ವಿಚಾರಣೆಗೆ ಬರಲಿಲ್ಲ.

ಈಗ ಪರಿಸ್ಥಿತಿ ಸುಧಾರಿಸಿದೆ, ಫಿಯೋನಾ ಬ್ರೂಸ್, ಸೋಫಿ ರಾವರ್ತ್, ರೀಟಾ ಚಕ್ರವರ್ತಿ ಐವತ್ತು ದಾಟಿಯೂ ತೆರೆಯ ಮೇಲಿದ್ದಾರೆ ಎನ್ನುವವರ ಮಾತಿನಲ್ಲಿ ಸತ್ಯವಿದೆ, ಅದನ್ನು ಸಂತೋಷದಿಂದ ಒಪ್ಪುತ್ತೇನೆ. ಆ ಸುಧಾರಣೆ ಬಂದ ದಾರಿಯನ್ನೂ ಅವರು ಒಪ್ಪಬೇಕು. ಬಿಬಿಸಿ 2017ರಲ್ಲಿ ಒಂದೂವರೆ ಲಕ್ಷ ಪೌಂಡ್‌ಗಿಂತ ಹೆಚ್ಚು ಪಡೆಯುವವರ ಪಟ್ಟಿ ಪ್ರಕಟಿಸಲೇಬೇಕಾಯಿತು. ಅದರಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರೆಂಬುದು ಬಯಲಾಯಿತು. ಆಮೇಲೆ ಚೀನಾ ಸಂಪಾದಕಿ ಕ್ಯಾರಿ ಗ್ರೇಸಿ ಹುದ್ದೆ ತೊರೆದು ಸಮಾನ ವೇತನಕ್ಕಾಗಿ ಹೋರಾಡಿ ಕ್ಷಮೆಯನ್ನೂ ಬಾಕಿ ವೇತನವನ್ನೂ ಪಡೆದರು. ತನಗೆ ಒಂದು ಕಂತಿಗೆ 440 ಪೌಂಡ್, ಅಂಥದ್ದೇ ಕಾರ್ಯಕ್ರಮಕ್ಕೆ ನಿರೂಪಕ ಜೆರೆಮಿ ವೈನ್‌ಗೆ 3,000 ಪೌಂಡ್ ಏಕೆ ಎಂದು ಕೇಳಿದ ನಿರೂಪಕಿ ಸಮೀರಾ ಅಹ್ಮದ್ ನ್ಯಾಯಮಂಡಳಿಯಲ್ಲಿ 2020ರ ಜನವರಿಯಲ್ಲಿ ಗೆದ್ದರು. ಲೆಕ್ಕ ಬಹಿರಂಗವಾದಾಗ ಹೋರಾಡಲು ಆಧಾರ ಸಿಕ್ಕಿತು. ಜನರ ಲೈಸೆನ್ಸ್ ಶುಲ್ಕದಿಂದ ನಡೆಯುವ ಸಂಸ್ಥೆ ಸಂಬಳದ ಪಟ್ಟಿಯ ಜೊತೆಗೇ, ಪ್ರತಿ ವರ್ಷ ತೆರೆಯಿಂದ ಸರಿಸಲಾದ ನಿರೂಪಕರು ಎಷ್ಟು ಮಂದಿ, ಅವರಲ್ಲಿ ಹೆಂಗಸರೆಷ್ಟು, ಯಾವ ವಯಸ್ಸಿನವರು ಎಂಬ ಲೆಕ್ಕವನ್ನೂ ಸಂಸತ್ತಿಗೆ ಒಪ್ಪಿಸಬೇಕು. ವ್ಯಕ್ತಿಗಳ ಹೆಸರು ಬೇಡ, ಸಂಖ್ಯೆ ಸಾಕು. 2007ರಲ್ಲಿ ಅಂಥದ್ದೊಂದು ಪಟ್ಟಿ ಸಮಿತಿಯ ಸದಸ್ಯರ ಮೇಜಿನ ಮೇಲಿದ್ದಿದ್ದರೆ, ಕೆಲಸವೇ ಇಲ್ಲವಾಯಿತು ಎಂಬ ಉತ್ತರ ಕೇಳಿ ಅವರು ಮುಂದಿನ ಪ್ರಶ್ನೆಗೆ ಹೋಗುತ್ತಿರಲಿಲ್ಲ.